ಆದಿರಂಗನಿಂದ ಶಿವನಸಮುದ್ರದವರೆಗೆ: ಕಾವೇರಿ ಬಯಲಿನ ಮೂರು ದಿನದ ಸೈಕಲ್ ಪ್ರವಾಸ ಹೇಗಿತ್ತು?

ಗಣರಾಜ್ಯೋತ್ಸವದ ರಜೆಗೆ ಹೊಂದಿಕೊಂಡು ಬಂದ ಮೂರು ದಿನಗಳಲ್ಲಿ ನಾನೂ ನಮ್ಮ ಯಜಮಾನರೂ ಬೆಂಗಳೂರಿನ ಸಣ್ಣ ಸಂಸ್ಥೆಯೊಂದು ನಡೆಸುವ ಸೈಕಲ್ ಪ್ರವಾಸಕ್ಕೆ ಹೋಗಿ ಬಂದೆವು. ಆದಿರಂಗನ ಊರಾದ ಶ್ರೀರಂಗಪಟ್ಟಣದಲ್ಲಿ ಸೈಕಲ್ ಹತ್ತಿ, ಅರಕೆರೆ, ಬನ್ನೂರು, ಸೋಮನಾಥಪುರ, ತಿರುಮಕೂಡಲು ನರಸೀಪುರ, ತಲಕಾಡುಗಳನ್ನು ಹಾದು ಶಿವನಸಮುದ್ರದಲ್ಲಿ ಇಳಿಯುವ ದಾರಿ ಅದು. ತುಳಿದದ್ದು ಒಟ್ಟು ಸುಮಾರು 130 ಕಿಲೋಮೀಟರ್, ಕೊಟ್ಟದ್ದು ತಲಾ 13,500 ರೂಪಾಯಿ. ಗೇರ್ ಸೈಕಲ್ಲು, ಹೆಲ್ಮೆಟ್ಟು, ಎರಡು ರಾತ್ರಿಯ ವಾಸ, ಊಟ ತಿಂಡಿ, ಬೆಂಗಳೂರಿನಿಂದ ಹೋಗಿಬರುವ ವಾಹನ ಎಲ್ಲವೂ ಅದರಲ್ಲೇ ಸೇರಿದ್ದವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೊರತೆಗಳನ್ನು ಅವರಿಗೆ ನೇರವಾಗಿಯೇ ಬರೆದು ತಿಳಿಸಿದ್ದೇನೆ, ಮತ್ತು ನಾನು ಇಲ್ಲಿ ಹೇಳಬೇಕೆಂದಿರುವುದು ಇಂಥ ಪ್ರವಾಸವನ್ನು ಯಾರ ಜೊತೆ ಮಾಡಿದರೂ ಅನ್ವಯಿಸುವಂಥದ್ದು: ಸೈಕಲ್ ಪ್ರವಾಸದಲ್ಲಿ ನಾವು ಹಣ ಕೊಡುವುದು ಮುಖ್ಯವಾಗಿ ದಾರಿಗೆ, ಅದರ ನಂತರ ಆ ದಾರಿಯಲ್ಲಿ ನಿಲ್ಲಲು ಸಿಗುವ ಸಮಯಕ್ಕೆ. ಮೊದಲನೆಯದನ್ನು ಈ ಸಂಸ್ಥೆ ತುಂಬ ಚೆನ್ನಾಗಿ ಕೊಟ್ಟಿತು, ಎರಡನೆಯದರಲ್ಲಿ ಕೈ ಬಿಗಿ ಹಿಡಿಯಿತು.

ಬೆಂಗಳೂರಿನಿಂದಲೇ ಸೈಕಲ್ ತುಳಿದುಕೊಂಡು ಹೋಗಬಾರದೇಕೆ ಎಂದು ಹಲವರು ಕೇಳುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಉಳಿಯುವುದು ಸರ್ವಿಸ್ ರಸ್ತೆ. ಬಸ್ಸು, ಲಾರಿ, ಎದುರು ದಿಕ್ಕಿನಿಂದ ನುಗ್ಗುವ ಬೈಕುಗಳ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ತುಳಿದು ಶ್ರೀರಂಗಪಟ್ಟಣ ತಲುಪುವ ಹೊತ್ತಿಗೆ ನದಿಯನ್ನು ನೋಡುವ ಮನಸ್ಸೇ ಉಳಿದಿರುವುದಿಲ್ಲ. ಆದ್ದರಿಂದ ಬೆಳಗಿನ ಜಾವ ನಾಲ್ಕೂವರೆಗೆ ಜಯನಗರದಲ್ಲಿ ನಮ್ಮನ್ನು ಟೆಂಪೋ ಟ್ರಾವೆಲರ್‌ಗೆ ಹತ್ತಿಸಿಕೊಂಡು, ಸೈಕಲ್ಲುಗಳನ್ನು ಇನ್ನೊಂದು ಗಾಡಿಯಲ್ಲಿ ಹಿಂದೆ ಕಳಿಸುವ ಅವರ ಕ್ರಮ ಸರಿಯಾದದ್ದೇ. ಏಳೂವರೆಗೆಲ್ಲ ನಾವು ಶ್ರೀರಂಗಪಟ್ಟಣದಲ್ಲಿದ್ದೆವು. ನಮ್ಮ ತಂಡದಲ್ಲಿ ಹನ್ನೊಂದು ಜನ. ದಾರಿ ತೋರಿಸಲು ಮುಂದೊಬ್ಬ ಹುಡುಗ, ಹಿಂದುಳಿದವರನ್ನು ಕಾಯಲು ಕೊನೆಯಲ್ಲೊಬ್ಬ, ಗಾಡಿಯಲ್ಲಿ ಒಬ್ಬ ಮೆಕ್ಯಾನಿಕ್.

ಸೈಕಲ್ಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಸ್ತೆಗೂ ಮಣ್ಣಿನ ಹಾದಿಗೂ ಒಗ್ಗುವ ಹೈಬ್ರಿಡ್ ಸೈಕಲ್ಲುಗಳು, 38 ಮಿಲಿಮೀಟರ್ ಅಗಲದ ಟಯರು, ಡಿಸ್ಕ್ ಬ್ರೇಕು. ನನ್ನ ಎತ್ತರ ಐದು ಅಡಿ ಎರಡು ಅಂಗುಲ ಎಂದು ಮೊದಲೇ ತಿಳಿಸಿದ್ದರಿಂದ ಚಿಕ್ಕ ಫ್ರೇಮಿನ ಸೈಕಲ್ಲನ್ನೇ ತಂದಿದ್ದರು, ಸೀಟಿನ ಎತ್ತರವನ್ನು ಮೆಕ್ಯಾನಿಕ್ ಮೂರು ಸಲ ಹೊಂದಿಸಿಕೊಟ್ಟರು. ಕುಳ್ಳಗಿರುವ ಹೆಂಗಸರಿಗೆ ಗಂಡಸರ ಅಳತೆಯ ಸೈಕಲ್ ಕೊಟ್ಟು ಸೀಟನ್ನು ತಗ್ಗಿಸಿದರೆ ಸಾಕೆಂದುಕೊಳ್ಳುವವರೇ ಹೆಚ್ಚು; ಹ್ಯಾಂಡಲ್ ದೂರವಾಗಿ ಎರಡನೆಯ ದಿನಕ್ಕೆ ಭುಜ ಹಿಡಿದುಕೊಳ್ಳುತ್ತದೆ. ಇಲ್ಲಿ ಹಾಗಾಗಲಿಲ್ಲ.

ಮೊದಲ ದಿನದ ಬೆಳಗು ಪೂರ್ತಿ ದ್ವೀಪದೊಳಗೇ ಕಳೆಯಿತು. ಶ್ರೀರಂಗಪಟ್ಟಣವನ್ನು ಕಾರಿನಲ್ಲಿ ಹತ್ತಾರು ಸಲ ನೋಡಿದ್ದ ನನಗೆ ಅದು ನಿಜವಾಗಿಯೂ ದ್ವೀಪ ಎಂಬುದು ಮೈಗೆ ತಿಳಿದದ್ದು ಸೈಕಲ್ಲಿನಲ್ಲೇ. ಕೋಟೆಯಿಂದ ಹೊರಟು ದರಿಯಾ ದೌಲತ್, ಗುಂಬಜ್ ದಾಟಿ ಸಂಗಮಕ್ಕೆ ಬಂದು ನಿಂತಾಗ ಎಡಕ್ಕೂ ಬಲಕ್ಕೂ ಹರಿದು ಬಂದ ಹೊಳೆ ಮುಂದೆ ಒಂದಾಗುವುದು ಕಾಣುತ್ತದೆ. ತುಳಿದದ್ದು ನಾಲ್ಕೈದು ಕಿಲೋಮೀಟರ್ ಮಾತ್ರ. ಕೋಟೆಗೆ ಹೊಳೆಯೇ ಕಂದಕವಾಗಿತ್ತು ಎಂಬುದೂ, 1799ರ ಮೇ 4ರಂದು ಟಿಪ್ಪು ಬಿದ್ದ ದಿನ ಬ್ರಿಟಿಷರ ಸೈನ್ಯ ನೀರು ತಗ್ಗಿದ್ದ ಬೇಸಿಗೆಯಲ್ಲಿ ಆ ಹೊಳೆಯನ್ನೇ ದಾಟಿ ಬಂದಿತ್ತು ಎಂಬುದೂ ಅಲ್ಲಿ ನಿಂತವರಿಗೆ ಯಾರೂ ವಿವರಿಸಬೇಕಾಗಿಲ್ಲ. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲಿರುವ 1780ರ ಪೊಳ್ಳಿಲೂರು ಯುದ್ಧದ ಚಿತ್ರಕ್ಕೆ ಮಾರ್ಗದರ್ಶಿ ಹುಡುಗ ಕೊಟ್ಟ ವಿವರಣೆ ಸಾಧಾರಣವಾಗಿತ್ತು. ಆದರೆ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಪೂರ್ತಿಯಾದ ವೆಲ್ಲೆಸ್ಲಿ ಸೇತುವೆಯ ಮುಂದೆ ನಿಲ್ಲಿಸಿ, ಕಲ್ಲಿನ ಕಂಬಗಳನ್ನೇ ಸಾಲಾಗಿ ನಿಲ್ಲಿಸಿ ಹೊಳೆಗೆ ಸೇತುವೆ ಕಟ್ಟಿದ ಬಗೆಯನ್ನು ಅದೇ ಹುಡುಗ ಹೇಳಿದ್ದು ಬಹಳ ಚೆನ್ನಾಗಿತ್ತು. ಅವನಿಗೆ ಅರಮನೆಗಳಿಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು ಎಂದು ಆಗಲೇ ಅನಿಸಿತ್ತು, ಮಧ್ಯಾಹ್ನ ಅದು ಖಚಿತವಾಯಿತು.

ಏಕೆಂದರೆ ಮಧ್ಯಾಹ್ನದ ಊಟ ಮುಗಿಸಿ ಅರಕೆರೆಯ ಕಡೆಗೆ ಹೊರಟ ಮೇಲೆ ಅವನು ನಮ್ಮನ್ನು ಟಾರು ರಸ್ತೆಯಿಂದ ಇಳಿಸಿ ನಾಲೆಯ ಏರಿಗೆ ಹತ್ತಿಸಿದ. ಈ ಪ್ರವಾಸದ ಹೃದಯ ಇರುವುದು ಇಲ್ಲೇ. ಕನ್ನಂಬಾಡಿ ಕಟ್ಟೆ ಕಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಮೈಸೂರಿನ ಅರಸರು ಕಾವೇರಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆಗಳನ್ನು ಹಾಕಿಸಿ ನಾಲೆಗಳನ್ನು ತೆಗೆಸಿದ್ದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ಚಿಕ್ಕದೇವರಾಯ ಸಾಗರ ನಾಲೆ ಇಂದಿಗೂ ಗದ್ದೆಗೆ ನೀರು ಕೊಡುತ್ತಿದೆ. ಬಂಗಾರದೊಡ್ಡಿ ನಾಲೆಯನ್ನಂತೂ ಹೊಳೆಯ ಮೇಲೆಯೇ ಕಲ್ಲಿನ ಮೇಲ್ಗಾಲುವೆಯಲ್ಲಿ ದಾಟಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ತಂದಿದ್ದಾರೆ. ನಾಲೆಯ ನೀರು ತಾನಾಗಿಯೇ ಇಳಿದು ಹರಿಯಬೇಕಾದ್ದರಿಂದ ಅದರ ಏರಿ ದಿಣ್ಣೆಗಳನ್ನು ಹತ್ತುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಸೈಕಲ್ ತುಳಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಮೂರು ಶತಮಾನದ ಹಿಂದೆ ಯಾರೋ ಮಟ್ಟ ನೋಡಿ ಗುರುತು ಹಾಕಿದ ರೇಖೆಯ ಮೇಲೆ ನಾವು ಗೇರು ಬದಲಿಸದೆ ಒಂದು ಗಂಟೆ ತುಳಿದೆವು.

ಆ ಒಂದು ಗಂಟೆಯಲ್ಲಿ ನೋಡಿದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಲಕ್ಕೆ, ಏರಿಯಿಂದ ಆಳೆತ್ತರ ಕೆಳಗೆ, ಕಟಾವಾದ ಭತ್ತದ ಕೂಳೆ ಮತ್ತು ಅದರಾಚೆ ಸೂಲಂಗಿ ಬಿಟ್ಟ ಕಬ್ಬು. ಎಡಕ್ಕೆ ಮಣ್ಣಿನ ಬಣ್ಣದ ನೀರು ಸದ್ದಿಲ್ಲದೆ ನಮ್ಮ ಜೊತೆಗೇ ಬರುತ್ತಿತ್ತು. ಒಂದು ತೂಬಿನ ಹತ್ತಿರ ನಿಂತೆವು. ತಿರುಪು ಕಂಬಿ ತುಕ್ಕು ಹಿಡಿದಿತ್ತು, ಬಾಯಿಗೆ ಒಂದು ಹಳೆಯ ಗೋಣಿಚೀಲ ತುರುಕಿತ್ತು, ಅದರ ಅಂಚಿನಿಂದ ಜಿನುಗಿದ ನೀರಿನಲ್ಲಿ ಕಪ್ಪೆ ಮರಿಗಳಿದ್ದವು. ಅಲ್ಲಿಗೆ ಬಂದ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿಯವರು, ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂಬುದನ್ನೂ, ನಾಲೆಯ ಕೊನೆಯ ಊರಿನವರಿಗೆ ನೀರು ಮುಟ್ಟಿಸುವುದು ಯಾಕೆ ಕಷ್ಟ ಎಂಬುದನ್ನೂ ಹತ್ತು ನಿಮಿಷ ಹೇಳಿದರು. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ ಬರುವ ಕಾವೇರಿಯ ಇನ್ನೊಂದು ತುದಿಯಲ್ಲಿ ಹೀಗೆ ಗೋಣಿಚೀಲ ತುರುಕಿ ನೀರು ಉಳಿಸುವ ಮನುಷ್ಯರೊಬ್ಬರು ನಿಂತಿರುತ್ತಾರೆ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಈ ನಿಲುಗಡೆ ಸಂಸ್ಥೆಯ ಕಾರ್ಯಕ್ರಮ ಪಟ್ಟಿಯಲ್ಲಿರಲಿಲ್ಲ. ಹುಡುಗ ತಾನಾಗಿ ನಿಲ್ಲಿಸಿದ್ದು. ಪಟ್ಟಿಯಲ್ಲಿ ಸೇರಿಸಬೇಕು.

ಏರಿಯ ದಾರಿಯಲ್ಲಿ ಎಚ್ಚರಿಕೆಯೂ ಬೇಕು. ನಾಲೆಗೆ ತಡೆಗೋಡೆ ಇಲ್ಲದ ಕಡೆಗಳೇ ಹೆಚ್ಚು, ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಇಳಿದು ನಿಲ್ಲುವುದೇ ಕ್ಷೇಮ. ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ಮಕ್ಕಳಿಗೆ ಈಜು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಸಂಸ್ಥೆಯವರು ಈ ಭಾಗಕ್ಕೆ ಬರುವ ಮುನ್ನ ಎಲ್ಲರನ್ನೂ ಒಂದೇ ಸಾಲಿನಲ್ಲಿ, ನೀರಿನ ಬದಿಯಿಂದ ದೂರದಲ್ಲಿ ಹೋಗುವಂತೆ ಕಟ್ಟುನಿಟ್ಟಾಗಿ ಹೇಳಿದ್ದನ್ನು ಮೆಚ್ಚಿದೆ.

ನನಗೆ ತೊಂದರೆಯಾದದ್ದು ನಾಲೆಯ ಮೇಲಲ್ಲ, ಬನ್ನೂರಿಗೆ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಟಾರು ರಸ್ತೆಯಲ್ಲಿ. ಜನವರಿ ಎಂದರೆ ಹುರುಳಿ ಒಕ್ಕಣೆಯ ಕಾಲ. ಕಣ ಮಾಡುವವರು ಕಡಿಮೆಯಾದ ಮೇಲೆ ಬಳ್ಳಿಯನ್ನು ರಸ್ತೆಗೇ ಹರಡುತ್ತಾರೆ, ಹೋಗಿಬರುವ ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡುತ್ತದೆ. ಮುಂದಿನವರು ದಾಟಿದರೆಂದು ನಾನೂ ಅದರ ಮೇಲೆಯೇ ತುಳಿದೆ. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಪೆಡಲು ಕಲ್ಲಿನಂತೆ ನಿಂತಿತು, ನಾನು ಪಕ್ಕಕ್ಕೆ ವಾಲಿ ಮೊಣಕೈ ಊರಿದೆ. ಹುರುಳಿಯ ಒಣ ಬಳ್ಳಿ ಹಿಂದಿನ ಚಕ್ರದ ಹಲ್ಲುಗಳಿಗೂ, ಗೇರು ಬದಲಿಸುವ ಡಿರೈಲರ್‌ಗೂ ಹಗ್ಗ ಹೊಸೆದಂತೆ ಸುತ್ತಿಕೊಂಡಿತ್ತು. ಡಿರೈಲರ್ ತೂಗುವ ಹ್ಯಾಂಗರ್ ಒಳಕ್ಕೆ ಬಾಗಿ ಕಡ್ಡಿಗಳಿಗೆ ತಾಗುತ್ತಿತ್ತು. ಹುರುಳಿ ತಿರುವಿ ಹಾಕುತ್ತಿದ್ದ ಅಜ್ಜಿ ಓಡಿ ಬಂದು ಮೊದಲು ನನ್ನ ಮೊಣಕೈ ನೋಡಿ, ಆಮೇಲೆ ಸೈಕಲ್ ನೋಡಿ, “ಇಳ್ದು ತಳ್ಕಂಡ್ ಹೋಗ್ಬೇಕು ಕನವ್ವ, ಇದು ಕಾರು ಲಾರಿಗೆ ಹಾಸಿರಾದು” ಎಂದರು. ಅವರೇ ಕುಡುಗೋಲು ತಂದು, ಮೆಕ್ಯಾನಿಕ್ ಬರುವುದರೊಳಗೆ ಬಳ್ಳಿಯನ್ನು ಎಳೆ ಎಳೆಯಾಗಿ ಕೊಯ್ದು ಬಿಡಿಸಿದರು. ಉದುರಿದ ಕಾಳನ್ನು ಅಂಗೈಗೆ ಆಯ್ದುಕೊಂಡು ಮತ್ತೆ ರಾಶಿಗೆ ಹಾಕಿದರು.

ಇಲ್ಲಿ ನನ್ನ ಮೊದಲ ದೂರು ಇದೆ. ಹ್ಯಾಂಗರ್ ಎಂಬುದು ಡಿರೈಲರ್‌ಗೂ ಫ್ರೇಮಿಗೂ ಪೆಟ್ಟಾಗದಂತೆ ತಾನು ಬಾಗುವುದಕ್ಕೆಂದೇ ಮೆತ್ತಗೆ ಮಾಡಿಟ್ಟಿರುವ ಸಣ್ಣ ಬಿಡಿಭಾಗ. ಒಂದೊಂದು ಮಾದರಿಯ ಸೈಕಲ್ಲಿಗೂ ಬೇರೆ ಬೇರೆ, ದಾರಿಯ ಊರುಗಳಲ್ಲಿ ಕೇಳಿದರೆ ಸಿಗುವುದಿಲ್ಲ. ಹನ್ನೊಂದು ಸೈಕಲ್ಲು ಬಾಡಿಗೆಗೆ ಕೊಟ್ಟು ಹಳ್ಳಿಯ ರಸ್ತೆಗೆ ಒಯ್ಯುವವರು ಅವುಗಳಿಗೆ ಹೊಂದುವ ಒಂದಾದರೂ ಹ್ಯಾಂಗರನ್ನು ಗಾಡಿಯಲ್ಲಿಟ್ಟುಕೊಳ್ಳಬೇಕಿತ್ತು. ಟ್ಯೂಬುಗಳಿದ್ದವು, ಬ್ರೇಕ್ ಪ್ಯಾಡುಗಳಿದ್ದವು, ಇದೊಂದು ಇರಲಿಲ್ಲ. ಮೆಕ್ಯಾನಿಕ್ ಜಾಣರಾದ್ದರಿಂದ ಬಾಗಿದ್ದನ್ನು ನಿಧಾನವಾಗಿ ನೆಟ್ಟಗೆ ಮಾಡಿ, ದೊಡ್ಡ ಹಲ್ಲಿಗೆ ಚೈನು ಹತ್ತದಂತೆ ತಿರುಪು ಹೊಂದಿಸಿಕೊಟ್ಟರು. ಉಳಿದ ಎರಡು ದಿನ ನಾನು ಏರು ಸಿಕ್ಕಲ್ಲೆಲ್ಲ ಹಗುರವಾದ ಗೇರಿಲ್ಲದೆ ತುಳಿದೆ. ಹುರುಳಿಯ ಮೇಲೆ ಸೈಕಲ್ ಬಿಡಬಾರದೆಂದು ಬೆಳಿಗ್ಗೆಯೇ ಒಂದು ಮಾತು ಹೇಳಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಈ ಕಡೆ ಸೈಕಲ್ ಒಯ್ಯುವ ಎಲ್ಲರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ವಾಸ್ತವ್ಯ ಸರಳವಾಗಿತ್ತು, ಶುಚಿಯಾಗಿತ್ತು. ಬನ್ನೂರಿನ ಹತ್ತಿರದ ತೋಟದ ಮನೆಯಲ್ಲಿ ರಾತ್ರಿ ರಾಗಿಮುದ್ದೆ, ಅವರೆಕಾಳಿನ ಸಾರು, ಕೇಳಿದವರಿಗೆ ಅನ್ನ ಮಜ್ಜಿಗೆ. ದಿನವಿಡೀ ತುಳಿದ ಮೈಗೆ ಬೇರೇನೂ ಬೇಡ. ದಾರಿಯ ಶೌಚಾಲಯಗಳ ವಿಷಯದಲ್ಲಿ ಮಾತ್ರ ಹೆಂಗಸರು ಮೊದಲೇ ಕೇಳಿ ತಿಳಿದುಕೊಳ್ಳಿ: ಶ್ರೀರಂಗಪಟ್ಟಣ ಬಿಟ್ಟರೆ ಬನ್ನೂರಿನವರೆಗೆ ನಮಗೆ ಯಾವ ವ್ಯವಸ್ಥೆಯನ್ನೂ ಮಾಡಿರಲಿಲ್ಲ, ಕೊನೆಗೆ ಒಂದು ಮನೆಯವರನ್ನು ಕೇಳಿಕೊಳ್ಳಬೇಕಾಯಿತು. ತಂಡದಲ್ಲಿ ನಾಲ್ವರು ಹೆಂಗಸರಿದ್ದೆವು. ಹಣ ಪಡೆದು ನಡೆಸುವ ಪ್ರವಾಸದಲ್ಲಿ ಇದು ಸಣ್ಣ ವಿಷಯವಲ್ಲ.

ಎರಡನೆಯ ದಿನ ಬೆಳಿಗ್ಗೆ ಸೋಮನಾಥಪುರ. ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುವುದರ ಸೊಗಸೇ ಬೇರೆ. ಕಾರಿನಲ್ಲಿ ಹೋದರೆ ನಿಲ್ದಾಣದಲ್ಲಿ ಇಳಿದು ಟಿಕೆಟ್ಟು ಕೊಂಡು ಒಳಗೆ ಹೋಗುತ್ತೇವೆ. ಗದ್ದೆಗಳ ನಡುವೆ ತುಳಿದು ಬಂದಾಗ ಹೊಯ್ಸಳರ ದಂಡನಾಯಕನೊಬ್ಬ ಅಗ್ರಹಾರ ಮಾಡಿ ಗುಡಿ ಕಟ್ಟಿಸಲು ಈ ನೆಲವನ್ನೇ ಯಾಕೆ ಆರಿಸಿಕೊಂಡ ಎಂಬುದಕ್ಕೆ ಉತ್ತರ ದಾರಿಯಲ್ಲೇ ಸಿಕ್ಕಿರುತ್ತದೆ. ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ 1258ರಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದ ಈ ಗುಡಿ, ಬೇಲೂರು ಹಳೇಬೀಡುಗಳ ಜೊತೆಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿ, ಮೂರಕ್ಕೂ ನಕ್ಷತ್ರದ ತಳಹದಿ, ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳು, ಬಳ್ಳಿ, ಅದರ ಮೇಲೆ ಕಥೆಯ ಪಟ್ಟಿ. ಜಗಲಿಯ ಮೇಲೆ ಪ್ರದಕ್ಷಿಣೆ ಹಾಕುತ್ತಾ ಹೋದರೆ ರಾಮಾಯಣ, ಭಾಗವತ, ಮಹಾಭಾರತ ಒಂದಾದ ಮೇಲೊಂದು ಸಿಗುತ್ತವೆ. ಕೆಲವು ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕೊರೆದಿದೆ. ಒಳಗಿನ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತನೆಯ ಚಾವಣಿಗಳಲ್ಲಿ, ಒಂದು ಬಾಳೆಯ ಹೂವಿನಂತೆ ಎಸಳೆಸಳಾಗಿ ಇಳಿದಿದೆ, ತಲೆಯೆತ್ತಿ ನೋಡಿದರೆ ಮುಟ್ಟಿದರೆ ಅಲ್ಲಾಡೀತು ಎನಿಸುತ್ತದೆ.

ಇದಕ್ಕೆ ಸಂಸ್ಥೆ ಕೊಟ್ಟದ್ದು ನಲವತ್ತು ನಿಮಿಷ. ಇದು ನನ್ನ ಎರಡನೆಯ ಮತ್ತು ದೊಡ್ಡ ದೂರು. ನಾನು ರಾಮಾಯಣದ ಪಟ್ಟಿಯನ್ನು ಮುಗಿಸಿ ಹಿಂಬದಿಗೆ ತಿರುಗುವಷ್ಟರಲ್ಲಿ ಸೀಟಿ ಊದಿದರು. ಬಳಪದ ಕಲ್ಲನ್ನು ಬೆರಳುಗುರಿನಷ್ಟು ಸಣ್ಣದಾಗಿ ಕೊರೆದವರ ಕೆಲಸವನ್ನು ಹೀಗೆ ಓಡುತ್ತಾ ನೋಡುವುದಾದರೆ ಬೆಂಗಳೂರಿನಿಂದ ಬರಬೇಕಾಗಿಯೇ ಇಲ್ಲ. ವಿಚಾರಿಸಿದಾಗ, ಬಿಸಿಲೇರುವ ಮೊದಲು ನರಸೀಪುರ ತಲುಪಬೇಕು ಎಂದರು. ಅದು ಸುಳ್ಳಲ್ಲ, ಜನವರಿಯಲ್ಲೂ ಹನ್ನೊಂದರ ಮೇಲೆ ಈ ಬಯಲಿನ ಬಿಸಿಲು ಕಠಿಣವೇ. ಆದರೆ ಅದಕ್ಕೆ ಪರಿಹಾರ ಗುಡಿಯ ಸಮಯವನ್ನು ಕತ್ತರಿಸುವುದಲ್ಲ. ಅಲ್ಲೇ ಮಧ್ಯಾಹ್ನದವರೆಗೆ ಇದ್ದು, ಊಟ ಮುಗಿಸಿ, ಮೂರು ಗಂಟೆಯ ಮೇಲೆ ಸೈಕಲ್ ಹತ್ತುವುದು. ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಸೇರುವ ಸಂಗಮದಲ್ಲೂ, ಗುಂಜಾ ನರಸಿಂಹನ ಗುಡಿಯ ಮುಂದೆಯೂ ನಾವು ನಡುಹಗಲಿನಲ್ಲಿ ನೆರಳು ಹುಡುಕುತ್ತಾ ಎರಡೂವರೆ ಗಂಟೆ ಕಳೆದೆವು. ಆ ಎರಡೂವರೆ ಗಂಟೆ ಸೋಮನಾಥಪುರಕ್ಕೆ ಸಲ್ಲಬೇಕಾಗಿದ್ದದ್ದು.

ಸಂಜೆ ತಲಕಾಡಿನ ದಾರಿ ಮತ್ತೆ ಮನಸ್ಸನ್ನು ತಿಳಿಯಾಗಿಸಿತು. ಹೊಳೆ ಮುಡುಕಿಕೊಂಡು ತಿರುಗುವ ಮುಡುಕುತೊರೆಯ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ಪಂಚಲಿಂಗ ದರ್ಶನದ ಐದರಲ್ಲಿ ಇದೂ ಒಂದು. ತಲಕಾಡಿನಲ್ಲಿ ಸೈಕಲ್ಲು ಊರ ಬಾಗಿಲಿನವರೆಗೆ ಮಾತ್ರ, ಆಮೇಲೆ ಮರಳು. ಗಂಗರ ರಾಜಧಾನಿಯಾಗಿದ್ದ ಊರು, ಚೋಳರನ್ನು ಗೆದ್ದ ನೆನಪಿಗೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ, ಅಲಮೇಲಮ್ಮನ ಶಾಪ ಇವೆಲ್ಲ ನಮಗೆ ಗೊತ್ತಿದ್ದದ್ದೇ. ಬೂಟು ಕಳಚಿ ಬರಿಗಾಲಿನಲ್ಲಿ ಆ ಮರಳನ್ನು ಹತ್ತಿ, ಗುಡಿಯ ಅಂಗಳಕ್ಕೆ ಮೆಟ್ಟಿಲಿಳಿದು ಹೋದಾಗ ಮೇಲಿನ ಮರಳು ಬಿಸಿ, ಕೆಳಗಿನ ಕಲ್ಲು ತಣ್ಣಗೆ. ಇಲ್ಲಿ ಯಾರೂ ಅವಸರ ಮಾಡಲಿಲ್ಲ. ಕತ್ತಲಾಗುವವರೆಗೆ ಹೊಳೆಯ ದಂಡೆಯಲ್ಲಿ ಕೂತಿದ್ದೆವು.

ಮೂರನೆಯ ದಿನ ಬೆಳಕವಾಡಿಯ ಮಾರ್ಗವಾಗಿ ಶಿವನಸಮುದ್ರ. ಮೂರೂ ದಿನಗಳಲ್ಲಿ ಏರಿಳಿತ ಹೆಚ್ಚಿದ್ದದ್ದು ಈ ದಾರಿಯಲ್ಲೇ. ಹಗುರ ಗೇರಿಲ್ಲದ ನನಗೆ ಎರಡು ಕಡೆ ಇಳಿದು ತಳ್ಳಬೇಕಾಯಿತು. ಗಗನಚುಕ್ಕಿಯಲ್ಲಿ ಜನವರಿಯ ನೀರು ಬಂಡೆಗಳ ನಡುವೆ ಬಿಳಿಯ ಎಳೆಗಳಷ್ಟೇ, ಜಲಪಾತವನ್ನೇ ನೋಡಬೇಕೆನ್ನುವವರು ಮಳೆಗಾಲದ ಕೊನೆಗೆ ಹೋಗಬೇಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಲು ಆರಂಭಿಸಿದ, ಮೂರು ವರ್ಷಗಳ ನಂತರ ಬೆಂಗಳೂರಿನ ಬೀದಿಗೆ ದೀಪ ಕೊಟ್ಟ ವಿದ್ಯುದಾಗಾರ ಇಲ್ಲಿಯೇ ಇರುವುದನ್ನು ನೀರಿನ ಹುಡುಗ ಸೊಗಸಾಗಿ ವಿವರಿಸಿದ. ಅಲ್ಲಿಂದ ಟೆಂಪೋ ಹತ್ತಿಸಿ, ಮಳವಳ್ಳಿ ಕನಕಪುರದ ಮೇಲೆ ಸಂಜೆ ಆರಕ್ಕೆ ಜಯನಗರಕ್ಕೆ ತಂದು ಬಿಟ್ಟರು.

ಹೊರಡುವ ಮೊದಲು ನಾನು ಯುರೋಪಿನ ಸೈಕಲ್ ದಾರಿಗಳ ಬಗ್ಗೆ ಓದಿಕೊಂಡಿದ್ದೆ. ಅಟ್ಲಾಂಟಿಕ್ ಕಡಲಿನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಎಂಬ ದಾರಿ ಲ್ವಾರ್, ರೈನ್, ಡ್ಯಾನ್ಯೂಬ್ ನದಿಗಳ ಬಯಲನ್ನೇ ಹಿಡಿದು ಹಳೆಯ ಊರುಗಳ ಮೂಲಕ ಸಾಗುತ್ತದೆ. ಅಲ್ಲಿ ದಾರಿಯುದ್ದಕ್ಕೂ ಫಲಕಗಳಿರುವುದರಿಂದ ಜನ ಮಾರ್ಗದರ್ಶಿಯಿಲ್ಲದೆ ತಾವೇ ಹೋಗುತ್ತಾರೆ. ನಮ್ಮಲ್ಲಿ ನದಿಯಿದೆ, ನಾಲೆಯ ಏರಿಯಿದೆ, ಹತ್ತಿಪ್ಪತ್ತು ಕಿಲೋಮೀಟರಿಗೊಂದು ಸಾವಿರ ವರ್ಷದ ಊರಿದೆ. ಎಲ್ಲಿ ಟಾರು ರಸ್ತೆ ಬಿಟ್ಟು ಏರಿಗೆ ಹತ್ತಬೇಕು ಎಂದು ತೋರಿಸುವ ಒಂದೇ ಒಂದು ಫಲಕ ಇಲ್ಲ. ಈ ಸಂಸ್ಥೆಗೆ ನಾನು ಕೊಟ್ಟ ಹಣದ ಬಹುಪಾಲು ಆ ಫಲಕದ ಬದಲಿಗೆ ನಿಂತ ಹುಡುಗನ ತಿಳಿವಳಿಕೆಗೆ ಸಂದಿದೆ ಎಂದೇ ಭಾವಿಸುತ್ತೇನೆ, ಮತ್ತು ಅದು ದುಬಾರಿ ಅಲ್ಲ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ತುಳಿಯುವ ಅಭ್ಯಾಸವಿರುವ ಯಾರಿಗಾದರೂ ಈ ದಾರಿಯನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ಗುಡಿಗಳನ್ನು ನಿಧಾನವಾಗಿ ನೋಡಬೇಕೆನ್ನುವವರು ಹಣ ಕಟ್ಟುವ ಮೊದಲೇ ಎಲ್ಲೆಲ್ಲಿ ಎಷ್ಟು ಹೊತ್ತು ಎಂದು ಬರೆಸಿಕೊಳ್ಳಲಿ.

ಒಂದು ಮಾತು ನಮ್ಮ ಯಜಮಾನರದ್ದು. ಕಾವೇರಿಯ ಮೂರು ರಂಗನಾಥರಲ್ಲಿ ಆದಿರಂಗ ಶ್ರೀರಂಗಪಟ್ಟಣದಲ್ಲಿ, ಮಧ್ಯರಂಗ ಶಿವನಸಮುದ್ರದ ದ್ವೀಪದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ನಾವು ಮೊದಲ ದಿನ ಬೆಳಿಗ್ಗೆ ಆದಿರಂಗನ ಬಾಗಿಲಿನಲ್ಲಿ ಸೈಕಲ್ ಹತ್ತಿದವರು. ಮಧ್ಯರಂಗನಿಗೆ ಇನ್ನು ಸ್ವಲ್ಪವೇ ದೂರವಿರುವಾಗ ಗಗನಚುಕ್ಕಿಯಲ್ಲಿ ನಮ್ಮ ಸೈಕಲ್ಲುಗಳನ್ನು ಗಾಡಿಗೆ ಏರಿಸಿಬಿಟ್ಟರು. ಪ್ರವಾಸ ನಡೆಸುವವರಿಗೆ ಅದು ಹೊಳೆದೇ ಇರಲಿಲ್ಲ. ನಾನು ಬರೆದ ಪತ್ರಕ್ಕೆ ಉತ್ತರ ಬಂದಿದೆ: ಬಿಡಿ ಹ್ಯಾಂಗರುಗಳನ್ನು ತರಿಸಿದ್ದಾರಂತೆ, ಮಳೆ ಮುಗಿದ ಮೇಲಿನ ಪ್ರವಾಸವನ್ನು ನಾಲ್ಕು ದಿನಕ್ಕೆ ಹಿಗ್ಗಿಸಿ ಸೋಮನಾಥಪುರಕ್ಕೆ ಅರ್ಧ ದಿನ ಇಟ್ಟಿದ್ದಾರಂತೆ, ಕೊನೆಯ ದಿನ ಸೇತುವೆ ದಾಟಿ ಮಧ್ಯರಂಗನ ಗುಡಿಯ ಮುಂದೆ ಮುಗಿಸುತ್ತಾರಂತೆ. ಶೌಚಾಲಯದ ಮಾತಿಗೆ ಮಾತ್ರ ಉತ್ತರದಲ್ಲಿ ಏನೂ ಇರಲಿಲ್ಲ. ಅದನ್ನು ಮತ್ತೆ ಕೇಳಿ ಬರೆದಿದ್ದೇನೆ, ಸರಿಯಾದ ಉತ್ತರ ಬಂದರೆ ನವೆಂಬರ್‌ಗೆ ಇಬ್ಬರ ಹೆಸರನ್ನೂ ಕೊಡುತ್ತೇವೆ.